ಗೀಜಗಗಳು ಅರ್ಧ ಹೆಣೆದ ತಿರುವು

ಕಾಡಂಚಿನ ಕೆರೆಯೊಂದರ ದಡದಲ್ಲಿ, ಮಕ್ಕಳೇ, ಎತ್ತರದ ಹುಲ್ಲು ಬೆಳೆದಿತ್ತು. ಅದರೊಳಗೆ ಗೀಜಗ ಹಕ್ಕಿಗಳು ಉದ್ದನೆಯ ಸುರಂಗವೊಂದನ್ನು ಹೆಣೆದಿದ್ದವು. ಹೆಣೆಯಿರಿ ಎಂದು ಯಾರೂ ಹೇಳಿರಲಿಲ್ಲ, ಕೂಲಿಯೂ ಇರಲಿಲ್ಲ. ಗೂಡಿನ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ, ನಾಲ್ಕು ಜನ ಆಟವಾಡಲಿ ಎಂದು ಹೆಣೆದದ್ದು. ಸಂಜೆಯಾದರೆ ಸಾಕು, ಮೊಲ, ಅಳಿಲು, ಉಡ ಎಲ್ಲ ಅಲ್ಲಿ ಕಣ್ಣಾಮುಚ್ಚಾಲೆಗೆ ಸೇರುತ್ತಿದ್ದವು.

ಮುಳ್ಳುಹಂದಿ ದುಗ್ಗನಿಗೂ ಆಡುವ ಆಸೆ. ಆದರೆ ಸುರಂಗದ ನಡುವಿನ ತಿರುವು ಬಲು ಕಿರಿದು. ಅಲ್ಲಿ ಅವನ ಮುಳ್ಳು ಹುಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು. ಉಳಿದವರು ಎಳೆದು ತೆಗೆಯುವಷ್ಟರಲ್ಲಿ ಆಟವೇ ಮುಗಿದಿರುತ್ತಿತ್ತು. ಹೊರಗೆ ಕೂತು ಬೇರೆಯವರ ನಗು ಕೇಳುವುದೇ ಅವನ ಪಾಲಿಗೆ ಬಂತು. ಪಾಪ, ತುಂಬಾ ಬೇಜಾರಾಗುತ್ತಿತ್ತು.

ಬೇಜಾರು ಸರಿ, ಬಾಯಿ ಸರಿಯಿರಬೇಡವೇ?

"ಏಯ್ ಗೀಜಗಗಳಾ! ಆ ತಿರುವು ಅಗಲ ಮಾಡಿ. ಬೇಗ ಆಗಬೇಕು!" ಎಂದು ದುಗ್ಗ ಕೂಗಿದ.

ಗೀಜಗಗಳ ಹಿರಿಯ ನೇಯಣ್ಣ ಸಿಟ್ಟಾಗಲಿಲ್ಲ. "ಬಿಡುವಾದಾಗ ನೋಡ್ತೀವಪ್ಪ," ಎಂದ.

ನೋಡಿಯೇ ಬಿಟ್ಟರು ಕೂಡ. ಎರಡು ದಿನ ಕಳೆದು ದುಗ್ಗ ಬಂದಾಗ ಹಳೆಯ ತಿರುವಿನ ಪಕ್ಕದಲ್ಲಿ ಅಗಲವಾದ ಹೊಸ ತಿರುವೊಂದು ಅರ್ಧ ಎದ್ದಿತ್ತು. ಗೀಜಗಗಳ ರೂಢಿಯೇ ಅದು. ತಮ್ಮ ಗೂಡನ್ನೂ ಮೊದಲು ಅರ್ಧವೇ ಹೆಣೆಯುತ್ತವೆ. ಹೆಣ್ಣುಹಕ್ಕಿ ಬಂದು ಕೂತು ನೋಡಿ ಒಪ್ಪಿದರೆ ಉಳಿದರ್ಧ ಮುಗಿಸುತ್ತವೆ, ಇಲ್ಲವಾದರೆ ಅಲ್ಲಿಗೇ ಬಿಡುತ್ತವೆ.

"ಒಂದ್ಸಲ ಒಳಗೆ ಹೋಗಿ ನೋಡಪ್ಪ," ಎಂದ ನೇಯಣ್ಣ.

ದುಗ್ಗ ಒಂದು ಕಾಲೂ ಒಳಗಿಡಲಿಲ್ಲ. "ಇದೇನಿದು? ಮೇಲೆ ಮುಚ್ಚಿಲ್ಲ, ಆಚೆ ದಾರಿಯಿಲ್ಲ! ಮಾಡೋದಾದರೆ ನೆಟ್ಟಗೆ ಮಾಡಿ, ಇಲ್ಲದಿದ್ದರೆ ಬಿಡಿ!"

"ಹಾಗೇ ಆಗಲಿ, ಬಿಡ್ತೀವಿ," ಎಂದು ನೇಯಣ್ಣ ಹಾರಿಹೋದ. ಅರ್ಧ ತಿರುವು ಗಾಳಿಗೆ ಚೆದುರಿತು.

ಅದೇ ವಾರ ಮೊಲ ಕುಪ್ಪಿ ಕೇಳಿದ್ದ ಇಣುಕುಕಿಂಡಿ ಸುರಂಗಕ್ಕೆ ಬಂತು. ದುಗ್ಗನಿಗೆ ಹೊಟ್ಟೆ ಉರಿಯಿತು. ಮಳೆಗಾಲ ಮುಗಿಯುವವರೆಗೂ ಸಿಟ್ಟು ಹೊತ್ತು ತಿರುಗಿ, ಕೊನೆಗೆ ಕುಪ್ಪಿಯನ್ನೇ ಕೇಳಿದ.

"ನೀನು ಕೇಳಿದರೆ ಆಗುತ್ತೆ, ನಾನು ಕೇಳಿದರೆ ಆಗಲ್ಲ. ಯಾಕೆ?"

"ಅವರು ಅರ್ಧ ಮಾಡಿ ಕರೆದರು. ನಾನು ತಲೆ ತೂರಿಸಿ, ಕಿವಿ ತಾಗ್ತಿದೆ, ಸ್ವಲ್ಪ ಮೇಲೆ ಮಾಡಿ ಅಂದೆ," ಎಂದಳು ಕುಪ್ಪಿ. "ನೀನು ಏನಂದೆ?"

ತಾನು ಅಂದದ್ದು ನೆನೆದು ದುಗ್ಗನಿಗೆ ನಾಚಿಕೆಯಾಯಿತು. ನೆಟ್ಟಗೆ ನೇಯಣ್ಣನ ಮರದಡಿಗೆ ಹೋದ.

"ತಪ್ಪಾಯ್ತಣ್ಣ. ಇನ್ನೊಂದು ಸಲ ಹೆಣೆದರೆ ಹೊಕ್ಕು ನೋಡಿ ಹೇಳ್ತೀನಿ."

"ನನಗೇನೂ ಕೋಪವಿಲ್ಲಪ್ಪ," ಎಂದ ನೇಯಣ್ಣ. "ಆದರೆ ಮಳೆ ನಿಂತು ಹುಲ್ಲು ಒಣಗಿದೆ. ಒಣಹುಲ್ಲು ಬಾಗಲ್ಲ, ಮುರಿಯುತ್ತೆ. ಮುಂದಿನ ಮಳೆಗಾಲದಲ್ಲಿ ನೋಡೋಣ."

ಒಂದು ಮಾತಿಗೆ ಇಡೀ ವರ್ಷ! ಚಳಿಗಾಲವೂ ಬೇಸಿಗೆಯೂ ದುಗ್ಗ ಸುರಂಗದ ಹೊರಗೇ ಕೂತ. ಅಳುವೂ ಬಂತು ಅನ್ನಿ.

ಮಳೆ ಬಂತು, ಹುಲ್ಲು ಹಸಿರಾಯಿತು. ನೇಯಣ್ಣ ಮಾತು ಮರೆತಿರಲಿಲ್ಲ. ಅರ್ಧ ತಿರುವು ಎದ್ದ ಕೂಡಲೇ ದುಗ್ಗ ಒಳಗೆ ನುಗ್ಗಿದ. ನುಗ್ಗಿದವನು ಸಿಕ್ಕಿಕೊಂಡ! ಸುತ್ತ ನಿಂತವರು ಗೊಳ್ಳೆಂದು ನಕ್ಕರು.

"ನಗಲಿ ಬಿಡಿ. ಅಣ್ಣಾ, ಬೆನ್ನಿನ ಮುಳ್ಳು ಸಲೀಸಾಗಿ ಹೋಯ್ತು. ಸೊಂಟದ ಹತ್ತಿರ, ಬಲಗಡೆ ಹಿಡೀತಿದೆ," ಎಂದ ದುಗ್ಗ ಒಳಗಿನಿಂದಲೇ.

ನೇಯಣ್ಣ ಅಲ್ಲಿಗೇ ಇಳಿದು ಕೊಕ್ಕಿನಿಂದ ಎರಡು ಎಳೆ ಸಡಿಲಿಸಿದ. "ಈಗ?"

"ಇನ್ನೊಂದು ಚೂರು... ಹಾಂ, ಬಂದೆ!"

ಉಳಿದರ್ಧ ಸಂಜೆಯೊಳಗೆ ಮುಗಿಯಿತು. ಅಂದು ಹುಡುಕುವ ಸರದಿ ದುಗ್ಗನದು. ಎಲ್ಲೂ ತಡೆಯದೆ ತಿರುವು ದಾಟಿ ಬಂದವನನ್ನು ಕಂಡು ಕುಪ್ಪಿ ಓಡುವುದನ್ನೇ ಮರೆತಳು.

"ನೀನು ಸಿಕ್ಕಿಬಿದ್ದೆ, ಕುಪ್ಪಿ!" ಎಂದು ದುಗ್ಗ ಕುಣಿದ.

ನೀತಿ: ಪ್ರೀತಿಯಿಂದ ದುಡಿಯುವವರಿಗೆ ಅಪ್ಪಣೆ ಮಾಡಬೇಡ, ಅವರು ಮಾಡಿದಷ್ಟನ್ನು ಬಳಸಿ ನೋಡು, ಎಲ್ಲಿ ತೊಡಕೆಂದು ನಯವಾಗಿ ಹೇಳು.