ಬಾಗಿ ಬಂದ ಫೈಲು

ನದಿಯ ದಂಡೆಯ ಮಠವೊಂದರಲ್ಲಿ ಹಲ್ಲಿನ ಆಸ್ಪತ್ರೆ ಇತ್ತು. ಡಾಕ್ಟರ್ ಇಂದುಧರಯ್ಯ ಅಲ್ಲಿನ ಗುರುಗಳು. ಸುಷೇಣ ಅವರ ಶಿಷ್ಯ.

ಹಲ್ಲಿನ ಬೇರಿನೊಳಗೆ ಕೂದಲೆಳೆಯಂಥ ನಾಳವಿರುತ್ತದೆ. ಅದು ಕೊಳೆತರೆ ಫೈಲು ಎಂಬ ತೆಳು ಲೋಹದ ಕಡ್ಡಿಯಿಂದ ತುದಿಯವರೆಗೂ ಕೆರೆದು ಶುಚಿ ಮಾಡಬೇಕು. ತುದಿ ಮುಟ್ಟದಿದ್ದರೆ ಕೀವು ಉಳಿಯುತ್ತದೆ, ಅಂದರೆ ಹಲ್ಲು ಉಳಿಯುವುದಿಲ್ಲ. ನಾಳ ನೆಟ್ಟಗಿದ್ದರೆ ಕೆಲಸ ಸುಲಭ. ಬಾಗಿದ್ದರೆ ಕಷ್ಟ.

ಸುಷೇಣ ಕಿತ್ತ ಹಲ್ಲುಗಳ ಮೇಲೆ ಎರಡು ವಿಧಾನ ಕಲಿತಿದ್ದ. ಫೈಲನ್ನು ಕೈಯಲ್ಲಿ ತಿರುಗಿಸುವುದು, ಇಲ್ಲವೇ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುವುದು.

“ಸರ್, ಬಾಗಿದ ನಾಳಕ್ಕೆ ಕೈ ಒಳ್ಳೆಯದೋ, ಯಂತ್ರವೋ?”

“ಕೈಯಲ್ಲಿ ಏನಾಯಿತು?”

“ನಿಧಾನ. ಬಾಗಿದ ಕಡೆ ನಾಳದ ಗೋಡೆ ಕೊರೆದು ಮೆಟ್ಟಿಲಿನಂತಾಯಿತು, ಫೈಲು ಅಲ್ಲೇ ತಡೆಯಿತು.”

“ಯಂತ್ರದಲ್ಲಿ?”

“ಬೇಗ ಆಯಿತು, ಬಾಗೂ ಕೆಡಲಿಲ್ಲ. ಆದರೆ ಒಮ್ಮೆ ಫೈಲು ಒಳಗೇ ಮುರಿಯಿತು.”

“ಸರಿ, ಬಾ. ದ್ಯಾಮವ್ವ ಕಾಯ್ತಿದ್ದಾಳೆ.”

ದ್ಯಾಮವ್ವ ಕುರ್ಚಿಯಲ್ಲಿ ಒರಗಿದ್ದಳು.

“ಯಪ್ಪಾ, ಈ ಕಡೆ ಜಗಿಯಾಕ ಇದೊಂದ ಹಲ್ಲು ಉಳದೈತಿ. ಇದೂ ಹೋದರ ರೊಟ್ಟಿ ಬಿಟ್ಟು ಗಂಜಿನ ಗತಿ. ಈ ಹುಡುಗ ಕಲಿಯೋದು ನನ್ನ ಬಾಯಾಗ ಏನು?”

“ನಾನೂ ಪಕ್ಕದಲ್ಲೇ ಇರ್ತೀನಿ, ಅವ್ವ,” ಎಂದರು ಗುರುಗಳು.

ಸುಷೇಣ ಎಲ್ಲಕ್ಕಿಂತ ತೆಳುವಾದ ಉಕ್ಕಿನ ಫೈಲನ್ನು ಕೈಯಿಂದಲೇ ಆ ಹಲ್ಲಿನ ನಾಳಕ್ಕೆ ಇಳಿಸಿದ. ಅರ್ಧಕ್ಕೆ ನಿಂತಿತು. ಹೊರತೆಗೆದ, ಹತ್ತಿಯಲ್ಲಿ ಒರೆಸಿದ, ಬೆರಳುಗಳ ನಡುವೆ ತೀಡಿ ನೆಟ್ಟಗೆ ಮಾಡಿದ, ಮತ್ತೆ ಇಳಿಸಿದ. ಅಲ್ಲೇ ನಿಂತಿತು.

ಇನ್ನೊಮ್ಮೆ ತೆಗೆದು, ತೀಡಿ, ಇಳಿಸಿದ. ಆಗಲೂ ಅಷ್ಟೇ.

“ಸರ್, ನಾಳ ಮುಚ್ಚಿಹೋಗಿದೆ. ಯಂತ್ರ ಹಾಕಿ ಒತ್ತಲೇ?”

“ಒತ್ತಿದರೆ?”

“ಫೈಲು ಮುರಿಯಬಹುದು. ಇಲ್ಲಾ, ಬೇರಿಗೇ ತೂತು ಬೀಳಬಹುದು.”

ಬಾಯಿ ತೆರೆದೇ ಇದ್ದ ದ್ಯಾಮವ್ವ ಕಣ್ಣನ್ನೂ ಅಗಲಿಸಿದಳು.

“ಫೈಲು ತೆಗೆ,” ಎಂದರು ಗುರುಗಳು.

ತೆಗೆದ. ತುದಿ ಸ್ವಲ್ಪ ಬಾಗಿತ್ತು. ಅಭ್ಯಾಸದಂತೆ ಸುಷೇಣನ ಬೆರಳು ಅದರತ್ತ ಹೋಯಿತು. ಗುರುಗಳು ಮಣಿಕಟ್ಟು ಹಿಡಿದರು.

“ಏನು ಮಾಡ್ತಿದ್ದೀಯ?”

“ನೆಟ್ಟಗೆ ಮಾಡ್ತಿದ್ದೀನಿ, ಸರ್. ಸೊಟ್ಟ ಫೈಲನ್ನ ಬಾಯಿಗೆ ಹಾಕೋದಾ?”

“ಒಳಗೆ ಹೋಗುವಾಗ ಸೊಟ್ಟ ಇತ್ತಾ?”

“ಇಲ್ಲ.”

“ಮತ್ತೆ ಬಗ್ಗಿಸಿದ್ದು ಯಾರು?”

ಸುಷೇಣ ಫೈಲನ್ನೇ ನೋಡುತ್ತ ನಿಂತ. ನಾಳ ಯಾವ ಕಡೆ ತಿರುಗಿದೆ ಎಂಬುದು ಆ ತುದಿಯಲ್ಲಿತ್ತು. ಪ್ರತಿ ಸಲವೂ ತಾನೇ ಅದನ್ನು ತೀಡಿ ಅಳಿಸಿದ್ದ.

ಈ ಸಲ ಬಾಗಿದ ಫೈಲನ್ನು ಬಾಗಿದಂತೆಯೇ, ತುದಿ ಮೊದಲು ತಿರುಗಿದ್ದ ದಿಕ್ಕಿಗೇ ಹಿಡಿದು ಇಳಿಸಿದ. ಒತ್ತಲಿಲ್ಲ, ಮೆಲ್ಲಗೆ ಅಲುಗಿಸಿದ. ಅದು ನುಸುಳಿಕೊಂಡು ಹೋಯಿತು. ಎಕ್ಸ್‌ರೇ ತೆಗೆದಾಗ ಬೇರಿನ ತುದಿಯಲ್ಲಿತ್ತು. ಕೈ ದಾರಿ ಬಿಡಿಸಿದ ಮೇಲೆ ಯಂತ್ರದ ಫೈಲೂ ಅದೇ ದಾರಿಯಲ್ಲಿ ತಡೆಯಿಲ್ಲದೆ ಇಳಿಯಿತು.

ಸುಷೇಣನ ಮುಖ ಅರಳಿತು.

“ಸರ್, ಈ ಹಲ್ಲಿಗೆ ಇನ್ನೊಂದು ಬೇರಿದೆ. ಈ ಬಾಗಿದ ಫೈಲಿನಿಂದಲೇ ಶುರು ಮಾಡಲೇ?”

ಗುರುಗಳು ಅವನ ಕೈಯಿಂದ ಫೈಲು ತೆಗೆದುಕೊಂಡು ಕಸದ ಡಬ್ಬಿಗೆ ಹಾಕಿದರು.

“ಆ ಬೇರನ್ನು ನೀನಿನ್ನೂ ಕೇಳಿಯೇ ಇಲ್ಲವಲ್ಲ.”