ಏನೂ ಬೆರೆಸದ ಹಾಳೆ

"ಗುರುಗಳೇ, ಮೂರು ಸಲ ಕಾಯಿಸಿದರೂ ಹಾಳೆಯ ಬಣ್ಣ ತಿರುಗಲಿಲ್ಲ. ನಿನ್ನೆ ಕಾವು ಹೆಚ್ಚಿಸಿದೆ, ಹಳದಿಯಾಯಿತು. ಪಾಲಿಮರ್ ಒಳಗೆ ಬೆಳ್ಳಿಯ ನ್ಯಾನೋಕಣ ಹುಟ್ಟಿದೆ ಎಂದು ಪ್ರಬಂಧದಲ್ಲಿ ಬರೆದುಬಿಡಲೇ?" ಎಂದು ಶಿಷ್ಯೆ ಕೇಳಿದಳು.

ಗುರುಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಹಾಳೆ ಮಾಡುವವನಿದ್ದ. ಸುಟ್ಟ ಗಾಯಕ್ಕೆ ಹೊದಿಸುವ ತೆಳು ಹಾಳೆ. ಪಾಲಿಮರನ್ನು ನೀರಿನಲ್ಲಿ ಕರಗಿಸಿ, ಬೆಳ್ಳಿಯ ಲವಣ ಬೆರೆಸಿ, ತಟ್ಟೆಯಲ್ಲಿ ಹರಡಿ ಒಣಗಿಸಿ, ಹದವಾಗಿ ಕಾಯಿಸುತ್ತಿದ್ದ. ಲವಣ ಒಡೆದು ಹಾಳೆಯ ಒಳಗೇ ಬೆಳ್ಳಿಯ ಕಣಗಳು ಹುಟ್ಟುತ್ತಿದ್ದವು. ಅವು ಕಣ್ಣಿಗೆ ಕಾಣುವಂಥವಲ್ಲ. ಹಾಳೆ ಹಳದಿಯಾದರೆ ಹುಟ್ಟಿವೆ ಎಂದು ಲೆಕ್ಕ. ಆ ಬೆಳ್ಳಿ ಗಾಯ ಕೀವಾಗದಂತೆ ಕಾಯುತ್ತಿತ್ತು.

ಒಮ್ಮೆ ವ್ಯಾಪಾರಿಯೊಬ್ಬ ಬೆಳ್ಳಿಯ ಲವಣವೆಂದು ಬೇರೆ ಯಾವುದೋ ಬಿಳಿ ಪುಡಿ ಕೊಟ್ಟ. ಹಾಳೆಗೆ ಬಣ್ಣವೇ ಬರಲಿಲ್ಲ. ಯಾಕೆ ಎಂದು ಇವನು ಯೋಚಿಸಲಿಲ್ಲ. ಆಸ್ಪತ್ರೆಗೆ ಅವತ್ತೇ ಕಳಿಸಬೇಕಿತ್ತು. ಒಲೆ ಜೋರು ಮಾಡಿದ. ಹಾಳೆ ಹಳದಿಯಾಯಿತು. ಆಗದೇ ಏನು? ಮಿತಿಮೀರಿ ಕಾಯಿಸಿದರೆ ಬರೀ ಪಾಲಿಮರೂ ಸೀದು ಹಳದಿಯಾಗುತ್ತದೆ. ಹತ್ತು ವರ್ಷ ಒಲೆಯ ಮುಂದೆ ಕೂತವನಿಗೆ ಅಷ್ಟು ಗೊತ್ತಿರಲಿಲ್ಲವೇ? ಗೊತ್ತಿತ್ತು! ನನಗೆ ಮೈ ಉರಿಯುವುದು ಅದಕ್ಕೇ.

ಆಲೆಮನೆಯಲ್ಲಿ ಕುದಿಯುವ ಬೆಲ್ಲದ ಪಾಕ ಬಿದ್ದು ಕೈ ಸುಟ್ಟುಕೊಂಡ ಹೆಂಗಸೊಬ್ಬಳಿಗೆ ಆ ಹಾಳೆ ಹೊದಿಸಿದರು. ಬೆಳ್ಳಿ ಇದೆಯೆಂಬ ಧೈರ್ಯದಲ್ಲಿ ವೈದ್ಯರು ಬೇರೆ ಮದ್ದು ಹಚ್ಚಲಿಲ್ಲ. ಐದನೆಯ ದಿನ ಬಿಚ್ಚಿದಾಗ ಕೈ ಕೊಳೆತಿತ್ತು. ಮೊಣಕೈವರೆಗೆ ಕತ್ತರಿಸಿದರು.

ಸುದ್ದಿ ತಿಳಿದು ಹಾಳೆಯವನು ಓಡಿಬಂದು ಅವಳ ಮಂಚದ ಬಳಿ ನಿಂತ. "ವ್ಯಾಪಾರಿ ಮೋಸ ಮಾಡಿದನಮ್ಮಾ. ನಾನೇನು ಮಾಡಲಿ, ಬಣ್ಣ ಸರಿಯಾಗೇ ಬಂದಿತ್ತು" ಎಂದ.

"ನನ್ ಕೈಗೆ ಬಣ್ಣ ಹಚ್ಚು ಅಂತ ಕೇಳಿದ್ನೇನಪ್ಪಾ?" ಎಂದಳು ಆಕೆ.

ಇಲ್ಲಿಗೆ ಬರುವಾಗ ಗುರುಗಳ ದನಿ ಏರಿತ್ತು. "ವ್ಯಾಪಾರಿ ಕಳ್ಳ, ಅವನನ್ನು ಪೊಲೀಸರು ಹಿಡಿದರು. ಇವನನ್ನು ಹಿಡಿಯುವವರು ಯಾರು? ಪಕ್ಕದಲ್ಲಿ ಏನೂ ಬೆರೆಸದ ಹಾಳೆಯೊಂದನ್ನು ಇಟ್ಟು ಅದೇ ಕಾವಿನಲ್ಲಿ ಕಾಯಿಸಿದ್ದರೆ ಸಾಕಿತ್ತು. ಅದೂ ಹಳದಿಯಾದದ್ದು ಕಂಡು ಕೈ ತಡೆಯುತ್ತಿದ್ದ. ಒಂದೇ ಒಂದು ಹಾಳೆ! ಅದಕ್ಕೂ ಸೋಮಾರಿತನ!"

"ಎಂಥ ಮನುಷ್ಯ ಗುರುಗಳೇ ಅವನು!" ಎಂದಳು ಶಿಷ್ಯೆ, ಸಿಟ್ಟಿನಿಂದ.

ಗುರುಗಳು ಕನ್ನಡಕ ಹಾಕಿಕೊಂಡು ಅವಳನ್ನೇ ನೋಡಿದರು.

"ನಿನ್ನೆ ನೀನು ಆ ಒಂದು ಹಾಳೆ ಇಟ್ಟಿದ್ದೆಯಾ?"