ಎರಡು ಬಾಯಿಯ ಒಲೆ

"ಗುರುಗಳೇ, ಇಷ್ಟು ಒಳ್ಳೆಯ ಭಾಷೆಯನ್ನು ಜನ ಯಾಕೆ ಬಳಸುತ್ತಿಲ್ಲ?" ಎಂದು ಶಿಷ್ಯ ಕೇಳಿದ.

ಅವನು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವನು. ಗುರುಗಳು ಅದೇ ಕೆಲಸದಲ್ಲಿ ತಲೆ ನರೆತವರು. ಒಂದು ದೊಡ್ಡ ಪ್ರೋಗ್ರಾಮಿನ ಬದಲು ಹತ್ತಾರು ಪುಟ್ಟ ಸೇವೆಗಳನ್ನು ಬೇರೆ ಬೇರೆಯಾಗಿ ಕಟ್ಟುತ್ತಾರಲ್ಲ, ಆ ಮೈಕ್ರೋಸರ್ವಿಸ್ ಪದ್ಧತಿಗೆ ಹೇಳಿ ಮಾಡಿಸಿದಂಥ ಭಾಷೆಯೊಂದು ಶಿಷ್ಯನಿಗೆ ಸಿಕ್ಕಿತ್ತು. ಅದರ ಹೆಸರು ಕೇಳಿದವರೇ ಕಡಿಮೆ. ಅವನಿಗೋ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಪುಟಗಟ್ಟಲೆ ಬರೆಯುವುದು ಅದರಲ್ಲಿ ನಾಲ್ಕು ಸಾಲಿಗೆ ಮುಗಿಯುತ್ತದೆ. ನಿನ್ನೆ ನಮ್ಮ ಕಚೇರಿಯ ಟಿಕೆಟ್ ಕಾಯ್ದಿರಿಸುವ ಸೇವೆಯನ್ನು ಅದರಲ್ಲೇ ಬರೆದು ಓಡಿಸಿಬಿಟ್ಟೆ. ಇನ್ನು ಊರೂರಿಗೆ ಹೋಗಿ ಇದರ ವಿಷಯ ಹೇಳಬೇಕು. ಮೊದಲು ನಿಮ್ಮಲ್ಲಿಗೆ ಬಂದೆ."

ಗುರುಗಳು ಒಂದು ಕತೆ ಹೇಳಿದರು.

ಮದುವೆ ಅಡಿಗೆಯ ಒಂದು ತಂಡವಿತ್ತು. ಅನ್ನಕ್ಕೊಂದು ಒಲೆ, ಸಾರಿಗೊಂದು, ಹುಳಿಗೊಂದು, ಪಾಯಸಕ್ಕೊಂದು. ಒಬ್ಬರ ಒಲೆಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಹೊತ್ತಿಗೆ ಸರಿಯಾಗಿ ಪಾತ್ರೆ ತುಂಬಿ ಬಂದರೆ ಸಾಕು, ಒಳಗೆ ಹೇಗೆ ಬೇಯಿತೆಂದು ಯಾರೂ ಕೇಳುತ್ತಿರಲಿಲ್ಲ.

ಸಾರಿನ ಅಡಿಗೆಯವನು ದೂರದ ಸೀಮೆಯಲ್ಲಿ ಹೊಸ ಬಗೆಯ ಒಲೆ ನೋಡಿ ಬಂದ. ಅದಕ್ಕೆ ಎರಡು ಬಾಯಿ. ಒಂದು ಸೌದೆ ಹಾಕುವುದಕ್ಕೆ, ಇನ್ನೊಂದು ಹೊಗೆ ಹೋಗುವುದಕ್ಕೆ. ಅರ್ಧ ಸೌದೆಗೆ ಹಂಡೆ ಕುದಿಯುತ್ತದೆ, ಕಣ್ಣು ಉರಿಯುವುದಿಲ್ಲ. ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕಂಡಕಂಡವರಿಗೆ ಅದರ ಗುಣಗಾನ ಮಾಡಿದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಉಳಿದವರು ನಕ್ಕರು.

ಹಿರಿಯ ಅಡಿಗೆಯವನು ನಗಲಿಲ್ಲ. "ನಾಳಿನ ಮದುವೆಗೆ ಸಾರು ನಿನ್ನ ಒಲೆಯ ಮೇಲಾಗಲಿ. ಸರಿಹೋದರೆ ಇನ್ನು ಮುಂದೆ ಎಲ್ಲ ಒಲೆಯೂ ಇಂಥದ್ದೇ ಹಾಕೋಣ" ಎಂದ.

ಸಾರಿನ ಅಡಿಗೆಯವನಿಗೆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹಾಡಿಕೊಂಡೇ ಮಣ್ಣು ಮೆತ್ತಿ ಒಲೆ ಕಟ್ಟಿದ. ಪಕ್ಕದ ಹುಳಿ ಒಲೆಯವನು ಬಗ್ಗಿ ನೋಡಿ, ಸೌದೆ ಹಾಕುವ ಬಾಯಿ ಯಾವುದಪ್ಪ ಎಂದು ಕೇಳಿದ. "ನೀನು ಸುಮ್ಮನೆ ನೋಡ್ತಾ ಇರು" ಎಂದು ಇವನು ಗಾಳಿ ಹಾಕುತ್ತ ಕೂತ.

ಎಲ್ಲರಿಗಿಂತ ಮೊದಲು ಸಾರೇ ಕುದಿಯಿತು. ಮೊದಲ ಪಂಕ್ತಿಯವರು ಸೊರ್ ಎಂದು ಹೀರಿ ಎರಡೆರಡು ಸಲ ಬಡಿಸಿಕೊಂಡರು. ಇನ್ನು ಇವನು ಕೂತಲ್ಲಿ ಕೂರುತ್ತಾನೆಯೇ? ಎದ್ದು ಪಂಕ್ತಿಗೇ ನಡೆದ. ಎಲೆ ಎಲೆಯ ಮುಂದೆ ನಿಂತು ಒಲೆಯ ವಿಷಯ ಹೇಳಿದ. ಉಣ್ಣುವವರು ತಲೆಯಾಡಿಸಿ, ಇನ್ನಷ್ಟು ಸಾರು ಕಳಿಸಪ್ಪ ಎಂದರು.

ಇತ್ತ ಉರಿ ಇಳಿಯಿತು. ಎರಡನೆಯ ಪಂಕ್ತಿಗೆ ಎಲೆ ಹಾಕಿಯಾಗಿತ್ತು. ಒಲೆಯ ಸುತ್ತ ಎಲ್ಲರೂ ನೆರೆದರು. ಹುಳಿ ಒಲೆಯವನು ಒಳ್ಳೆಯ ಮನಸ್ಸಿನಿಂದಲೇ ಸೌದೆ ತುರುಕಿದ. ಆದರೆ ತುರುಕಿದ್ದು ಹೊಗೆಯ ಬಾಯಿಗೆ. ಹೊಗೆ ಒಳಗೇ ತಿರುಗಿ ಇದ್ದ ಬೆಂಕಿಯೂ ಆರಿತು. ಹಿರಿಯನು ಮೂರು ಕಲ್ಲು ತರಿಸಿ ಮಾಮೂಲಿ ಒಲೆ ಹೂಡಿ, ಹಂಡೆಯನ್ನು ಅದರ ಮೇಲಿಡಿಸಿದ.

ಅಡಿಗೆಯವನು ಓಡಿ ಬಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಅವನಿಗೆ ಅಳುವೇ ಬಂತು. "ಇಷ್ಟು ಸುಲಭದ್ದು, ಯಾರಿಗೂ ತಿಳೀಲಿಲ್ವೇ?" ಎಂದ.

"ಒಲೆ ಚೆನ್ನಾಗಿದೆ ಕಣಯ್ಯ" ಎಂದ ಹಿರಿಯ. "ನಾಳೆ ನಿನಗೆ ಜ್ವರ ಬಂದರೆ ಮದುವೆ ಮುಂದಕ್ಕೆ ಹಾಕಬೇಕಾ?"

ಕತೆ ಮುಗಿಯಿತು. ಶಿಷ್ಯ ನಕ್ಕುಬಿಟ್ಟ. "ಎಂಥ ದಡ್ಡ! ಪಕ್ಕದವನಿಗೆ ಎರಡು ಮಾತು ಹೇಳಿಕೊಟ್ಟಿದ್ದರೆ ಸಾಕಿತ್ತು."

"ಹೌದಪ್ಪ," ಎಂದರು ಗುರುಗಳು, "ನೀನು ಇಲ್ಲಿದ್ದೀಯಲ್ಲ, ಅಲ್ಲಿ ಕಚೇರಿಯಲ್ಲಿ ನಿನ್ನ ಒಲೆಯ ಹತ್ತಿರ ಈಗ ಯಾರಿದ್ದಾರೆ?"